ಕೆಂಚಿಗೆ ತಿಳಿದಿದ್ದ ಮಾತುಗಳು

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಳೆಯ ಪುಸ್ತಕವೊಂದಿದೆ. ಅದರ ಹಿಂದಿನ ರಟ್ಟಿನ ಒಳಮೈಯಲ್ಲಿ ನನ್ನ ಕೈಬರಹದ ಒಂದು ಪಟ್ಟಿ: ಊಟ, ಬಾ, ಬೇಡ, ಕೂಡು, ಸಾಕು, ಚೆಂಡು, ಬೆಕ್ಕು, ಅಳಿಲು, ಅಜ್ಜಿ, ಸ್ನಾನ, ಗೇಟು, ಹೋಗೋಣ. ಹೀಗೆ 28 ಪದಗಳು. ನಮ್ಮ ನಾಯಿ ಕೆಂಚಿಗೆ ಅರ್ಥವಾಗುತ್ತಿದ್ದ ಮಾತುಗಳು ಇವು. ಮಗು ಮಾತು ಕಲಿಯುವಾಗ ತಾಯಂದಿರು ಗುರುತು ಹಾಕಿಕೊಳ್ಳುವ ಹಾಗೆ, ಅವಳು ಮನೆಗೆ ಬಂದ ಹೊಸದರಲ್ಲಿ ಒಂದೊಂದಾಗಿ ಬರೆದಿಟ್ಟಿದ್ದೆ. ಆಮೇಲೆ ಬರೆಯುವುದು ನಿಂತಿತು. ಅಷ್ಟು ಹೊತ್ತಿಗೆ ಅವಳಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಲೆಕ್ಕವಿಡುವುದೇ ಕಷ್ಟವಾಗಿತ್ತು.

ಕೆಂಚಿ ಹೋದದ್ದು 2024ರ ನವೆಂಬರ್‌ನಲ್ಲಿ. ಈಗಲೂ ಮನೆಯೊಳಗೆ ನಾವು 'ಹೋಗೋಣ' ಎಂಬ ಮಾತನ್ನು ಗಟ್ಟಿಯಾಗಿ ಆಡುವುದಿಲ್ಲ. ಮದುವೆಗೆ ಹೊರಡುವುದಿರಲಿ, ಅಂಗಡಿಗೆ ಹೊರಡುವುದಿರಲಿ, ಚಪ್ಪಲಿಯ ಹತ್ತಿರ ನಿಂತು ಒಬ್ಬರಿಗೊಬ್ಬರು ಕಣ್ಣಿನಲ್ಲೇ ಹೇಳಿಕೊಳ್ಳುತ್ತೇವೆ. ಹನ್ನೊಂದು ವರ್ಷದ ರೂಢಿ ಅದು. ಆ ಮಾತು ಕಿವಿಗೆ ಬಿದ್ದರೆ ಎದ್ದು ಕುಣಿಯುವ ಜೀವವೊಂದು ಮನೆಯಲ್ಲಿದೆ ಎಂದು ನಾಲಿಗೆ ಇನ್ನೂ ನಂಬಿಕೊಂಡಿದೆ.

ನಾನು ಮೊದಲಿನಿಂದ ನಾಯಿಯನ್ನು ಪ್ರೀತಿಸಿದವಳಲ್ಲ, ಹೆದರುತ್ತಿದ್ದವಳು. ಅರಕಲಗೂಡು ತಾಲ್ಲೂಕಿನ ನಮ್ಮ ಊರಿನಲ್ಲಿ, ಎಂಟು ವರ್ಷದವಳಿದ್ದಾಗ, ಕಣದ ಹತ್ತಿರ ಒಂದು ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಆ ಕಾಲದಲ್ಲಿ ಹೊಕ್ಕುಳ ಸುತ್ತ 14 ಸೂಜಿ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ ಅದು. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ಐದು ಸೂಜಿ ಹಾಕಿಸಿಕೊಂಡರೆ ಮುಗಿಯಿತು. ಅಂದು ಹದಿನಾಲ್ಕು ದಿನವೂ ಅಮ್ಮ ನನ್ನನ್ನು ಬಸ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೂಜಿ ಚುಚ್ಚುವಾಗ ನನ್ನ ಎರಡೂ ಕೈ ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆಮೇಲಿನ ಮೂವತ್ತು ವರ್ಷ ಅಮ್ಮನ ಬಾಯಲ್ಲಿ ನಾಯಿ ಎಂದರೆ 'ಹಚಾ' ಎಂಬ ಒಂದೇ ಮಾತು.

2013ರ ಜುಲೈ. ಮೈಸೂರಿನಲ್ಲಿ ಮೂರು ದಿನದಿಂದ ಬಿಡದೆ ಸೋನೆ ಹಿಡಿದಿತ್ತು. ಕುವೆಂಪುನಗರದ ನಮ್ಮ ಬೀದಿಯ ತುದಿಯಲ್ಲಿ, ಚರಂಡಿ ಕೆಲಸಕ್ಕೆಂದು ತಂದು ಉರುಳಿಸಿದ್ದ ಸಿಮೆಂಟ್ ಕೊಳವೆಯೊಳಗೆ ಮೂರು ಮರಿಗಳಿದ್ದವು. ತಾಯಿಯನ್ನು ಹಿಂದಿನ ವಾರವಷ್ಟೇ ಯಾವುದೋ ವಾಹನ ಹೊಡೆದು ಹೋಗಿತ್ತು. ಆಗ ಏಳು ವರ್ಷದವನಾಗಿದ್ದ ಮಗ ಶಾಲೆಯಿಂದ ಬರುವಾಗ ಒಂದು ಮರಿಯನ್ನು ತನ್ನ ಮಳೆಯಂಗಿಯೊಳಗೆ ಸುತ್ತಿಕೊಂಡು ತಂದ. ಉಳಿದ ಎರಡನ್ನು ಸಂಜೆ ಯಜಮಾನರು ಹೋಗಿ ತಂದರು. ಬಿಸಿಲು ಬರುವ ತನಕ ಇರಲಿ ಎಂಬುದಷ್ಟೇ ಆಗ ನಮ್ಮ ಮನಸ್ಸಿನಲ್ಲಿದ್ದದ್ದು.

ಐದನೆಯ ದಿನ ಮೂರಕ್ಕೂ ವಾಂತಿ, ರಕ್ತ ಬೆರೆತ ಭೇದಿ. ಪಶುವೈದ್ಯರು ವಾಸನೆಯಿಂದಲೇ ಇದು ಪಾರ್ವೊ ಎಂಬ ವೈರಸ್ ರೋಗ ಎಂದರು. ಆರರಿಂದ ಎಂಟು ವಾರದ ಮರಿಗೆ ಮೊದಲ ಲಸಿಕೆ ಬೀಳಬೇಕು, ಮತ್ತೆ ಮೂರು ನಾಲ್ಕು ವಾರಕ್ಕೊಮ್ಮೆ ಇನ್ನೆರಡು ಸಲ. ಬೀದಿಯಲ್ಲಿ ಹುಟ್ಟಿದವಕ್ಕೆ ಅದನ್ನು ಹಾಕಿಸುವವರು ಯಾರು? ಒಂದು ಮರಿ ಆ ರಾತ್ರಿಯೇ ಹೋಯಿತು, ಇನ್ನೊಂದು ಮರುದಿನ ಮಧ್ಯಾಹ್ನ. ಮೂರನೆಯದರ ಮುಂಗಾಲು ನನ್ನ ಕಿರುಬೆರಳಿಗಿಂತ ಸಣ್ಣದಿತ್ತು. ಅದರಲ್ಲಿ ನರ ಹುಡುಕಿ ನಾಲ್ಕು ದಿನ ಡ್ರಿಪ್ ಹಾಕಿದರು. "ಅದು ಉಳಿಯುವುದಿಲ್ಲ, ಮಗುವಿನ ಕಣ್ಣೆದುರು ಸಾಯುವುದು ಬೇಡ, ಎಲ್ಲಾದರೂ ಬಿಟ್ಟು ಬನ್ನಿ" ಎಂದರು ಅಮ್ಮ. ಅದು ಉಳಿಯಿತು. ಐದನೆಯ ದಿನ ತಲೆಯೆತ್ತಿ, ಅಮ್ಮ ಮಜ್ಜಿಗೆಗೆಂದು ತೆಗೆದಿಟ್ಟಿದ್ದ ಮೊಸರಿನ ಬಟ್ಟಲನ್ನು ನೋಡಿ ಕುಂಯ್ ಎಂದಿತು. ಕೆಂಚು ಬಣ್ಣ, ನೆಟ್ಟಗೆ ನಿಲ್ಲದ ಬಲಗಿವಿ. ಹೆಸರಿಡುವುದಕ್ಕೆ ಯಾರೂ ಯೋಚಿಸಬೇಕಾಗಲಿಲ್ಲ.

ಕಲಿಸುವ ಮಾತು ಬಂದಾಗ ನಾನು ಹಟ ಹಿಡಿದೆ: ಈ ಮನೆಯ ನಾಯಿಗೆ ಕನ್ನಡ. ಕನ್ನಡದಲ್ಲಿ ಮಾತನಾಡಿಕೊಂಡೇ ಬದುಕುವ ಮನೆಗಳಲ್ಲಿಯೂ ನಾಯಿಯ ಎದುರು ನಿಂತ ಕೂಡಲೇ ಸಿಟ್, ಕಮ್, ಗೋ ಶುರುವಾಗುತ್ತದೆ. ನಮ್ಮ ಭಾಷೆಯಲ್ಲಿ ನಾಯಿಯನ್ನು ಅಟ್ಟುವುದಕ್ಕೆ ಹಚಾ ಇದೆ, ಯಾರದಾದರೂ ಮೈಮೇಲೆ ಬಿಡುವುದಕ್ಕೆ ಛೂ ಇದೆ. ಹತ್ತಿರ ಕೂರಿಸಿಕೊಂಡು ಕಲಿಸುವುದಕ್ಕೆ ಬೇಕಾದ ಮಾತುಗಳನ್ನು ನಾವೇ ಹೊಂದಿಸಿಕೊಳ್ಳಬೇಕಾಯಿತು.

ಹೊಂದಿಸುವುದು ಸುಲಭವಿರಲಿಲ್ಲ. ನಾನು 'ಕೂರು' ಎನ್ನುತ್ತಿದ್ದೆ. ಅಮ್ಮನದು 'ಕೂತುಕೋ'. ಯಜಮಾನರು ಧಾರವಾಡದವರು, ಅವರಿಗೆ 'ಕೂಡು'. ಮಗ ಶಾಲೆಯ ಗೆಳೆಯರ ಮನೆಯಲ್ಲಿ ಕೇಳಿ ಬಂದು 'ಸಿಟ್' ಎನ್ನುತ್ತಿದ್ದ. ಒಂದೇ ಕೆಲಸಕ್ಕೆ ನಾಲ್ಕು ಮಾತು. ಪಾಪ, ಆ ಮರಿ ನಾಲ್ಕು ಮುಖಗಳನ್ನೂ ಸರದಿಯಂತೆ ನೋಡಿ, ಮಡಚಿದ ಕಿವಿಯನ್ನು ಇನ್ನಷ್ಟು ಮಡಚಿ, ಕೊನೆಗೆ ಆಕಳಿಸಿ ಮಲಗಿಬಿಡುತ್ತಿತ್ತು. ನಾಯಿಯ ಆಕಳಿಕೆ ಯಾವಾಗಲೂ ನಿದ್ದೆಯ ಗುರುತಲ್ಲ, ಗೊಂದಲದ್ದೂ ಆಗಿರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಪಶುವೈದ್ಯರು ಹೇಳಿದ್ದು ಎರಡೇ ಮಾತು: ಮನೆಮಂದಿಯೆಲ್ಲ ಒಂದೇ ಪದ ಹೇಳಿ, ಜೊತೆಗೆ ಒಂದೇ ಕೈಸನ್ನೆ ಮಾಡಿ. ಬೆಳಗಿನ ಹೊತ್ತು ಕಲಿಸುತ್ತಿದ್ದವರು ಯಜಮಾನರಾದ್ದರಿಂದ 'ಕೂಡು' ಗೆದ್ದಿತು. ಅರಕಲಗೂಡಿನ ನನ್ನ ಅಮ್ಮ ಹನ್ನೊಂದು ವರ್ಷ ನಾಯಿಗೆ ಮಾತ್ರ ಧಾರವಾಡದ ಕನ್ನಡದಲ್ಲಿ 'ಕೂಡು' ಎಂದರು.

ಅಲ್ಲಿಗೂ ಮುಗಿಯಲಿಲ್ಲ. 'ಕೂಡು', 'ಬಿಡು' ಎರಡರ ಕೊನೆಯೂ ಒಂದೇ. ಬಾಯಲ್ಲಿದ್ದ ಚಪ್ಪಲಿಯನ್ನು ಬಿಡು ಎಂದರೆ, ಚಪ್ಪಲಿಯನ್ನು ಕಚ್ಚಿಕೊಂಡೇ ನೀಟಾಗಿ ಕುಳಿತು, ಶಹಬ್ಬಾಸ್ ಹೇಳುವಿರಾ ಎಂಬಂತೆ ನೋಡುತ್ತಿದ್ದಳು. ಅವಳು ಕೇಳಿಸಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾವು ಆರಿಸಿದ ಮಾತಿನಲ್ಲಿ. ಅದಕ್ಕೇ 'ಬಿಡು' ಹೋಗಿ 'ಸಾಕು' ಬಂತು. ಒಂದೇ ವಾರದಲ್ಲಿ ಚಪ್ಪಲಿಗಳು ಉಳಿದವು.

ಬುಡಾಪೆಸ್ಟ್‌ನ ಏಟ್ವೋಶ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 18 ನಾಯಿಗಳನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಅಲುಗಾಡದೆ ಮಲಗಲು ಕಲಿಸಿ, ಅವುಗಳಿಗೆ ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಯ ಓದನ್ನು ಕೇಳಿಸಿದರು. ಮನೆಯ ಭಾಷೆಗೂ ಪರಭಾಷೆಗೂ ನಾಯಿಯ ಮೆದುಳು ಬೇರೆ ಬೇರೆಯಾಗಿ ಸ್ಪಂದಿಸುತ್ತದೆ ಎಂಬುದು 2022ರಲ್ಲಿ ಅಚ್ಚಾದ ಆ ಅಧ್ಯಯನದ ತಿರುಳು. ಇದನ್ನು ಓದಿದ ದಿನ ನನಗೆ ಆಶ್ಚರ್ಯವಾಗಲಿಲ್ಲ. ಮಗ ಫೋನಿನಲ್ಲಿ ಗೆಳೆಯರೊಡನೆ ಇಂಗ್ಲಿಷ್‌ನಲ್ಲಿ ಎಷ್ಟು ಹೊತ್ತು ಮಾತನಾಡಿದರೂ ಕೆಂಚಿ ಕಣ್ಣು ತೆರೆಯುತ್ತಿರಲಿಲ್ಲ. ಅದೇ ದನಿಯಲ್ಲಿ ಅವನು "ಅಜ್ಜಿ, ತಿಂಡಿ ಏನು?" ಎಂದನೋ, ಕಿವಿ ನಿಮಿರುತ್ತಿತ್ತು.

'ಬಾ' ಎಂಬ ಮಾತನ್ನು ಮಾತ್ರ ನಾನೇ ಕೈಯಾರೆ ಕೆಡಿಸಿದೆ. ಸ್ನಾನಕ್ಕೆ ಬಾ, ಕಿವಿಗೆ ಔಷಧ ಹಾಕುತ್ತೇನೆ ಬಾ, ಆಟ ಸಾಕು ಬಾ. ಅವಳಿಗೆ ಹಿತವಲ್ಲದ್ದು ಏನಿದ್ದರೂ 'ಬಾ' ಎಂದು ಕರೆದೇ ಮಾಡಿದೆ. ಎರಡು ತಿಂಗಳಿನಲ್ಲಿ 'ಬಾ' ಎಂದರೆ ಮಂಚದ ಕೆಳಗೆ ಸೇರಿಕೊಳ್ಳುವ ಹಾಗಾದಳು. ಹಾಳಾದ ಮಾತನ್ನು ಮತ್ತೆ ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಹಿಂದಿನ ಖಾಲಿ ನಿವೇಶನದಲ್ಲಿ ಬಾವಿಹಗ್ಗದಷ್ಟು ಉದ್ದದ ಹಗ್ಗ ಕಟ್ಟಿಕೊಂಡು, ಜೇಬಿನಲ್ಲಿ ಬೇಯಿಸಿದ ಮೊಟ್ಟೆಯ ಚೂರುಗಳನ್ನಿಟ್ಟುಕೊಂಡು, ಕರೆಯುವುದು, ಬಂದರೆ ಕೊಡುವುದು, ಕೊಟ್ಟು ಮತ್ತೆ ಆಟಕ್ಕೆ ಬಿಟ್ಟುಬಿಡುವುದು. ಆ ಮೂರನೆಯದೇ ಮುಖ್ಯ. ಬಂದರೆ ಆಟ ಮುಗಿಯುವುದಿಲ್ಲ ಎಂದು ಅವಳಿಗೆ ನಂಬಿಕೆ ಬರಬೇಕಿತ್ತು. ಒಂದು ಸಂಜೆ ಅಳಿಲಿನ ಹಿಂದೆ ಓಡುತ್ತಿದ್ದವಳು ನನ್ನ ಕರೆಗೆ ನಡುದಾರಿಯಲ್ಲಿ ತಿರುಗಿ, ಕಿವಿ ಹಿಂದಕ್ಕೆ ಹಾರಿಸಿಕೊಂಡು ನನ್ನತ್ತ ಓಡಿ ಬಂದಳು. ನಾನು ಆ ಖಾಲಿ ನಿವೇಶನದ ಪಾರ್ಥೇನಿಯಂ ಗಿಡಗಳ ನಡುವೆ ಕುಳಿತು ಅತ್ತೆ.

ಅದಕ್ಕೂ ಮುಂಚಿನ ಇನ್ನೊಂದು ಸಂಗತಿ ಇದೆ. ತೀರಿಹೋದ ಅಪ್ಪನ ಎಚ್‌ಎಂಟಿ ಗಡಿಯಾರದ ಚರ್ಮದ ಪಟ್ಟಿಯನ್ನು ಅವಳು ಅಗಿದು ಹಾಕಿದ್ದಳು. ಆಗ ಅವಳಿಗೆ ಐದು ತಿಂಗಳು, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ವಸಡಿನ ನೋವಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು. ನಾನು ನೋಡಿದ್ದು ಅವಳು ಅಗಿದ ಎಷ್ಟೋ ಹೊತ್ತಿನ ಮೇಲೆ, ಅವಳು ಬಾಗಿಲ ಬಳಿ ಬಿಸಿಲಿಗೆ ಮಲಗಿದ್ದಾಗ. ಪೇಪರ್ ಸುರುಳಿ ಸುತ್ತಿ ಬೆನ್ನ ಮೇಲೆ ಬಾರಿಸಿದೆ. ಅವಳು ಓಡಿಹೋಗಲಿಲ್ಲ. ನೆಲಕ್ಕಂಟಿ ಮಲಗಿ, ಅಲ್ಲೇ ಮೂತ್ರ ಮಾಡಿಕೊಂಡು, ನನ್ನ ಹೆಬ್ಬೆರಳನ್ನು ನೆಕ್ಕಿದಳು. ನಾಯಿಗೆ ತಾನು ಮಾಡಿದ್ದಕ್ಕೂ ಅದರ ಫಲಕ್ಕೂ ನಂಟು ತಿಳಿಯಬೇಕಾದರೆ ಎರಡೂ ಕ್ಷಣ ಮಾತ್ರದ ಅಂತರದಲ್ಲಿ ಆಗಬೇಕು. ಆ ಹೊತ್ತಿನಲ್ಲಿ ಅವಳು ಮಾಡುತ್ತಿದ್ದ ಕೆಲಸವೆಂದರೆ ಬಿಸಿಲಿಗೆ ಮಲಗಿದ್ದದ್ದು. ಅದಕ್ಕೆ ಏಟು ಬಿತ್ತು ಎಂದಷ್ಟೇ ಅವಳಿಗೆ ತಿಳಿದದ್ದು. ಆಮೇಲೆ ಎಂದೂ ಅವಳ ಮೇಲೆ ಕೈ ಮಾಡಲಿಲ್ಲ. 'ಹೊಡೆಯದೆ ನಾಯಿ ಕಲಿಯುವುದೇ' ಎಂದು ಕೇಳಿದವರಿಗೆಲ್ಲ ನಾನು ಈ ಮಧ್ಯಾಹ್ನದ ಕತೆ ಹೇಳಿದ್ದೇನೆ. ಇಷ್ಟು ವರ್ಷದ ಮೇಲೂ ಹೇಳುವಾಗ ಹೆಬ್ಬೆರಳಿನ ಮೇಲೆ ಆ ಒದ್ದೆ ನಾಲಿಗೆ ಆಡಿದಂತಾಗುತ್ತದೆ.

ಆ ವಾರದಲ್ಲೇ ಬಿದ್ದ ಒಂದು ಹಾಲುಹಲ್ಲು ಗುಡಿಸುವಾಗ ಸಿಕ್ಕಿತು. ಅಕ್ಕಿಕಾಳಿನಷ್ಟು. ಅಮ್ಮ ಅದನ್ನು ಎಸೆಯಲಿಲ್ಲ. ಮಗನ ಮೊದಲ ಹಲ್ಲಿಟ್ಟಿದ್ದ ಹಳೆಯ ಕುಂಕುಮದ ಡಬ್ಬಿಯಲ್ಲೇ ಹಾಕಿಟ್ಟರು. ಆಗಲೂ ಅಮ್ಮನಿಗೆ ಕೆಂಚಿ 'ಅದು'ವೇ. "ಅದರ ಹಲ್ಲು" ಎಂದೇ ಹೇಳಿದ್ದು ನನಗೆ ನೆನಪಿದೆ.

ವಾಕಿಂಗ್ ಎಂಬ ಮಾತು ಕೆಂಚಿಗೆ ಒಂದು ವಾರದಲ್ಲಿ ತಿಳಿಯಿತು. ಹೊರಡುವ ಮುಂಚೆಯೇ ಕುಣಿತ ಶುರುವಾಗುವುದು ಬೇಡವೆಂದು ಸುತ್ತಾಟ ಎಂದೆವು. ಅದನ್ನೂ ಕಲಿತಳು. ಸಂಚಾರ ಎಂದೆವು, ಹತ್ತು ದಿನ ನಡೆಯಿತು. ವಾಯುವಿಹಾರ ಎಂದು ಯಜಮಾನರು ಗಂಭೀರವಾಗಿ ಹೇಳತೊಡಗಿದರು. ಮೂರನೆಯ ದಿನ ಬಾಗಿಲ ಬಳಿ ಬೆಲ್ಟಿನ ಪಕ್ಕ ಕೆಂಚಿ ಕುಳಿತಿದ್ದಳು. ಅವಳು ಪದವನ್ನಷ್ಟೇ ಕೇಳುತ್ತಿರಲಿಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ಆ ಮಾತು ಆಡುವಾಗ ನಮ್ಮ ದನಿ ತುಸು ತಗ್ಗುತ್ತಿತ್ತು, ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಮುಚ್ಚಿಡುವ ನಮ್ಮ ರೀತಿಯೇ ಅವಳಿಗೆ ಗುರುತಾಗಿತ್ತು.

ಯಜಮಾನರಿಗೆ ಮೊದಲೆಲ್ಲ ಮುಧೋಳ ನಾಯಿಯ ಹಂಬಲವಿತ್ತು. ಲೋಕಾಪುರದ ಅವರ ಸೋದರಮಾವನ ಹೊಲದಲ್ಲಿ ಎರಡಿದ್ದವಂತೆ. ಮೊಲದ ಹಿಂದೆ ಬಿಟ್ಟರೆ ಬಿಟ್ಟ ಬಾಣ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಚಿತ್ರವಿರುವ ಅಂಚೆಚೀಟಿ ತಂದಾಗ ಕೊಂಡು ಇಟ್ಟುಕೊಂಡವರು ಅವರು. ಆದರೆ ಅದು ಕಣ್ಣಿನಿಂದ ಬೇಟೆಯಾಡುವ, ಬಯಲು ಬೇಡುವ ತಳಿ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಅದನ್ನು ಕಟ್ಟಿಹಾಕುವುದು ಅನ್ಯಾಯ ಎಂದು ಅವರೇ ಹೇಳುತ್ತಿದ್ದರು. ಬೀದಿಯಲ್ಲಿ ಹುಟ್ಟಿದ ಕೆಂಚಿಗೆ ಈ ಬೀದಿಯೇ ರಾಜ್ಯ. ಅರ್ಧ ಗಂಟೆಯ ದಾರಿಯಲ್ಲಿ ಹೊಂಗೆಮರದ ಬುಡಕ್ಕೆ ಐದು ನಿಮಿಷ, ಎಳನೀರಿನ ಗಾಡಿಯ ಚಕ್ರಕ್ಕೆ ಎರಡು, ಕಿವಿಯ ತುದಿ ಕತ್ತರಿಸಿದ ಬೀದಿನಾಯಿ ಗೆಳೆಯನಿಗೆ ಇನ್ನೈದು. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಇಪ್ಪತ್ತು ಕೋಟಿಗೂ ಮೇಲು, ನಮ್ಮಲ್ಲಿ ಅರ್ಧ ಕೋಟಿಯ ಆಸುಪಾಸು. ಇದನ್ನು ತಿಳಿದ ಮೇಲೆ ಬೆಲ್ಟು ಎಳೆದು ಅವಳನ್ನು ಅವಸರಪಡಿಸುವುದನ್ನು ಬಿಟ್ಟೆ. ಓದುತ್ತಿರುವವರ ಕೈಯಿಂದ ಪೇಪರ್ ಕಿತ್ತುಕೊಳ್ಳುವುದು ಯಾವ ಮರ್ಯಾದೆ?

ಅವಳಿಗಿದ್ದ ಒಂದೇ ದೊಡ್ಡ ಭಯ ಪಟಾಕಿ. ಅದಕ್ಕೊಂದು ದಾರಿ ಹೊಳೆದದ್ದು ದಸರೆಯಿಂದ. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರುತ್ತದೆಯಲ್ಲ, ಆ ಸದ್ದಿಗೆ ಬೆದರದಿರಲೆಂದು ಆನೆ, ಕುದುರೆಗಳನ್ನು ವಾರಗಳ ಮುಂಚೆಯೇ ತಂದು ನಿಲ್ಲಿಸಿ ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಮೊದಲು ದೂರ ನಿಲ್ಲಿಸುತ್ತಾರೆ, ದಿನಕಳೆದಂತೆ ಹತ್ತಿರ ತರುತ್ತಾರೆ. ಮಾವುತರು ಪಕ್ಕದಲ್ಲೇ ನಿಂತು ಸೊಂಡಿಲು ಸವರುತ್ತಿರುತ್ತಾರೆ. ನಾವೂ ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಕೊಬ್ಬರಿ ಚೂರು ಕೊಡುತ್ತ, ವಾರಕ್ಕಿಷ್ಟು ಎಂದು ಏರಿಸುತ್ತ ಹೋದೆವು. ಕುಕ್ಕರಿನ ಸೀಟಿ, ಗುಡುಗು ಎರಡಕ್ಕೂ ಹೆದರುವುದು ಈ ಕ್ರಮದಿಂದಲೇ ನಿಂತಿತು. ಪಟಾಕಿಗೆ ಮಾತ್ರ ಸೋತೆವು. ಮೊಬೈಲಿನ ಸದ್ದಿಗೆ ನೆಲ ಅದುರುವುದಿಲ್ಲ, ಮದ್ದಿನ ವಾಸನೆ ಬರುವುದಿಲ್ಲ. ಪ್ರತಿ ದೀಪಾವಳಿಗೂ ಮೂರು ರಾತ್ರಿ, ಬಚ್ಚಲುಮನೆಯ ಹಂಡೆಯ ಹಿಂದೆ ಅವಳು ನಡುಗುತ್ತ ಕೂರುವುದು, ನಾನು ಅಲ್ಲೇ ಚಾಪೆ ಹಾಕಿಕೊಂಡು ಅವಳ ಎದೆಯ ಮೇಲೆ ಕೈಯಿಟ್ಟು ಮಲಗುವುದು. ಅಂಗೈ ಕೆಳಗೆ ಆ ಎದೆ ಗುಬ್ಬಚ್ಚಿಯಂತೆ ಹೊಡೆದುಕೊಳ್ಳುತ್ತಿತ್ತು.

ಸುಖದ ದಿನಗಳನ್ನು ಬರೆಯಲು ಹೋದರೆ ಘಟನೆಗಳೇ ಸಿಗುವುದಿಲ್ಲ. ಇದ್ದದ್ದು ದಿನಗಳಷ್ಟೇ. ಅವಳ ಪಾದದಡಿಯಲ್ಲಿ ಹುರಿದ ಜೋಳದ ವಾಸನೆಯಿತ್ತು. ಬಾಲ ಸ್ಟೀಲ್ ಡ್ರಮ್ಮಿಗೆ ಬಡಿದು ಬೆಳಿಗ್ಗೆ ಆರಕ್ಕೆ ಮನೆಯನ್ನೆಲ್ಲ ಎಬ್ಬಿಸುತ್ತಿತ್ತು. ಎಲ್ಲರೂ ದಾಟಿ ಹೋಗಬೇಕಾದ ನಡುಮನೆಯ ಹೊಸ್ತಿಲೇ ಅವಳ ಹಾಸಿಗೆ. ಹನ್ನೊಂದು ವರ್ಷ ನಾವೆಲ್ಲ ಅಲ್ಲಿ ಕಾಲು ತುಸು ಎತ್ತಿ ನಡೆದೆವು, ಈಗಲೂ ಎತ್ತುತ್ತೇವೆ. ಮಾವಿನ ಕಾಲದಲ್ಲಿ ಓಟೆಯನ್ನು ನುಂಗಿಬಿಟ್ಟಾಳೆಂಬ ಹೆದರಿಕೆಯಿಂದ ಮಗ ಅದನ್ನು ಕೈಯಲ್ಲಿ ಹಿಡಿದೇ ನೆಕ್ಕಿಸುತ್ತಿದ್ದ. ಕಾವಲಿಯ ಮೊದಲ ಚಪಾತಿ ಅವಳದು. ಸಾರು ಕಲಸಿದ ಅನ್ನಕ್ಕೆ ಮಾತ್ರ ನನ್ನ ಕಟ್ಟುನಿಟ್ಟು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ ಎಂದು ಹೇಳಿ ಹೇಳಿ ಅಮ್ಮನೊಡನೆ ಎಷ್ಟೋ ದಿನ ಜಟಾಪಟಿಯಾಯಿತು. ಕೊನೆಗೆ ಅಮ್ಮ ಕಂಡುಕೊಂಡ ಉಪಾಯವೆಂದರೆ, ವಾರಕ್ಕೆ ನಾಲ್ಕು ದಿನ ಮನೆಮಂದಿಗೆಲ್ಲ ಈರುಳ್ಳಿಯಿಲ್ಲದ ಸಾರು.

ಅಮ್ಮನ ಮಾತಿನಲ್ಲಿ 'ಅದು' ಎಂಬುದು 'ಅವಳು' ಆದ ದಿನವನ್ನು ನಾನು ಕಾದು ಹಿಡಿಯಬೇಕೆಂದಿದ್ದೆ. ಆಗಲಿಲ್ಲ. ಒಂದು ಸಂಜೆ ಕಚೇರಿಯಿಂದ ಬಂದವಳಿಗೆ ಕಾಫಿ ಕೊಡುತ್ತ ಅಮ್ಮ, "ಮಧ್ಯಾಹ್ನ ಅವಳು ಸರಿಯಾಗಿ ಉಣ್ಣಲಿಲ್ಲ" ಎಂದರು. ಯಾರು ಎಂದು ಕೇಳಬೇಕೆಂದೂ ನನಗೆ ಅನಿಸಲಿಲ್ಲ. ಎಷ್ಟೋ ದಿನದಿಂದ ಹಾಗೇ ಹೇಳುತ್ತಿದ್ದರು ಎಂದು ರಾತ್ರಿ ಪಾತ್ರೆ ಒರೆಸುವಾಗ ಹೊಳೆಯಿತು.

2024ರ ಬೇಸಿಗೆಯಲ್ಲಿ ಕೆಂಚಿ ನೀರು ಹೆಚ್ಚು ಕುಡಿಯತೊಡಗಿದಳು. ಬಿಸಿಲಿಗೆ ಎಂದುಕೊಂಡೆವು. ಆ ವರ್ಷ ಬಿಸಿಲೂ ಹಾಗೇ ಇತ್ತು. ರಾತ್ರಿ ಎರಡು ಸಲ ಹೊರಗೆ ಬಿಡಿ ಎಂದು ಎಬ್ಬಿಸುತ್ತಿದ್ದಳು. ಮಳೆ ಬಂದ ಮೇಲೂ ಅದು ನಿಲ್ಲಲಿಲ್ಲ. ಆಗಸ್ಟಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ಇರಬೇಕಾದ್ದಕ್ಕಿಂತ ಮೂರು ಪಟ್ಟಿತ್ತು. ಆ ಅಂಕಿ ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಪಾಲು ಕೆಲಸ ನಿಂತುಹೋಗಿರುತ್ತದೆ ಎಂದು ವೈದ್ಯರು ಹೇಳಿದರು. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ ಬಿಸಿಲಿನ ಮೇಲೆ ಹಾಕಬೇಡಿ. ದಯವಿಟ್ಟು ಅದೇ ವಾರ ಪರೀಕ್ಷೆ ಮಾಡಿಸಿ. ನಾನು ಕಳೆದುಕೊಂಡ ನಾಲ್ಕು ತಿಂಗಳು ಇನ್ನೊಬ್ಬರಿಗಾದರೂ ಉಳಿಯಲಿ.

ಆಮೇಲಿನದು ಡ್ರಿಪ್, ಮಾತ್ರೆ, ಪಥ್ಯ. ಚರ್ಮದಡಿಗೆ ಸಲೈನ್ ಬಿಡುವುದನ್ನು ಕಲಿತುಕೊಂಡು ಮನೆಯಲ್ಲೇ ಮಾಡುತ್ತಿದ್ದೆ. ಸೂಜಿ ಹಾಕುವಾಗ ಅಮ್ಮ ಅವಳ ಎರಡೂ ಮುಂಗಾಲು ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಆ ವರ್ಷದ ದೀಪಾವಳಿಯಂದು ಬೀದಿಯಲ್ಲಿ ಎಂದಿನಂತೆ ಪಟಾಕಿ. ನಾನು ಬಚ್ಚಲುಮನೆಯಲ್ಲಿ ಚಾಪೆ ಹಾಸಿ ಕಾದೆ. ಕೆಂಚಿ ಬರಲಿಲ್ಲ. ಹೊಸ್ತಿಲ ಮೇಲೆ ಮಲಗಿದ್ದವಳು ಮಲಗಿಯೇ ಇದ್ದಳು. ಹೊರಗೆ ಲಕ್ಷ್ಮಿ ಪಟಾಕಿಯ ಸರ ಸಿಡಿದಾಗ ಒಂದು ಕಿವಿ ಮಾತ್ರ ಸಣ್ಣಗೆ ಅಲುಗಿತು. ಯಾವ ಭಯವನ್ನು ತೆಗೆಯಲು ಅಷ್ಟು ವರ್ಷ ಹೆಣಗಿದ್ದೆನೋ ಆ ಭಯ ಹೋಗಿತ್ತು. ಅದನ್ನು ನೋಡಿ ನನ್ನ ಕೈಕಾಲು ತಣ್ಣಗಾಯಿತು. ಆ ರಾತ್ರಿಯೇ ಸುರತ್ಕಲ್‌ನ ಹಾಸ್ಟೆಲಿನಲ್ಲಿದ್ದ ಮಗನಿಗೆ ಫೋನ್ ಮಾಡಿ, ಬಿಡುವು ಮಾಡಿಕೊಂಡು ಬಾ ಎಂದೆ.

ನವೆಂಬರ್ ನಡುವಿನ ಹೊತ್ತಿಗೆ ಬಾಯಲ್ಲಿ ಹುಣ್ಣಾಗಿ ಮೊಸರನ್ನೂ ಮುಟ್ಟದಾದಳು. ವೈದ್ಯರು ನೇರವಾಗಿ ಹೇಳಲಿಲ್ಲ, ನಾವೇ ಕೇಳಿದೆವು. ಹೌದು, ಇನ್ನು ಎಳೆದಾಡಿಸಬಾರದು ಎಂದರು. ಆ ನಿರ್ಧಾರ ಹೊತ್ತುಕೊಂಡ ಎರಡು ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅಳಿಯನನ್ನು ಕೂರಿಸಿಕೊಂಡು ಅಮ್ಮ ಹೇಳಿದ್ದು ಇಷ್ಟು: "ಅವಳು ಕೇಳುವುದಕ್ಕೆ ಬರುವುದಿಲ್ಲವಪ್ಪ. ಅವಳ ಪರವಾಗಿ ನಾವೇ ಕೇಳಬೇಕು."

ಮಗ ರಾತ್ರಿ ಬಸ್ಸಿಗೆ ಬಂದ. ವೈದ್ಯರು ಮನೆಗೇ ಬಂದರು. ಮೊದಲು ಮಂಪರಿನ ಸೂಜಿ, ಅವಳು ಮಗನ ತೊಡೆಯ ಮೇಲೆ ತಲೆಯಿಟ್ಟಳು. ಆಮೇಲೆ ಇನ್ನೊಂದು. ಒಂದು ನಿಮಿಷವೋ ಎರಡೋ. ಕಣ್ಣು ಮುಚ್ಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ಮುಚ್ಚುವುದಿಲ್ಲವಂತೆ. ತೆರೆದ ಆ ಕಣ್ಣಿನಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು.

ಪಾಂಡವಪುರದ ಬಳಿ ಸೋದರತ್ತೆಯ ಮಗನ ತೋಟವಿದೆ. ನಾಲ್ಕಡಿ ಗುಂಡಿ ತೆಗೆದು, ಎರಡು ಸೇರು ಕಲ್ಲುಪ್ಪು ಹಾಕಿ, ಮಗನ ಹಳೆಯ ಹೊದಿಕೆಯಲ್ಲಿ ಸುತ್ತಿ ಇಳಿಸಿದೆವು. ತೋಟದ ಆಳು ಮಣ್ಣೆಳೆದ ಮೇಲೆ ಒಂದು ಚಪ್ಪಡಿ ಕಲ್ಲು ತಂದು ಮೇಲಿಟ್ಟು, "ನರಿ ಕೆದಕದಿರಲಿ ಅಕ್ಕ" ಎಂದ.

ಆ ಕಲ್ಲನ್ನು ನೋಡಿದಾಗ ನನಗೆ ನೆನಪಾದದ್ದು ಆತಕೂರು. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವಾಗ ಶಾಸನಗಳ ಪಾಠದಲ್ಲಿ ಅದಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಹತ್ತನೆಯ ಶತಮಾನದ ನಡುಗಾಲದ ಕಲ್ಲು. ತಕ್ಕೋಲದ ಯುದ್ಧ, ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ಚೋಳರ ರಾಜಾದಿತ್ಯ, ಇವರನ್ನೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ನಾಯಿಯ ಭಾಗ ಒಂದು ಅಂಕದ ಪ್ರಶ್ನೆ. ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿದ. ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಆ ಕಾಳಿ ಬೆಳತೂರಿನ ಹತ್ತಿರ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಜೊತೆಯಲ್ಲೇ ಸತ್ತವು. ಅದಕ್ಕಾಗಿ ಅವನು ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಎಂದರೆ ಶಿವನ ಗುಡಿಯ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಎಂದೂ ಬರೆಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಕಚ್ಚಾಡುವ ಚಿತ್ರವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ತೋಟದಿಂದ ಬಂದ ರಾತ್ರಿ ಹಳೆಯ ಪಠ್ಯ ಹುಡುಕಿ ಆ ಸಾಲುಗಳನ್ನು ಮತ್ತೆ ಓದಿದೆ. ಊರನ್ನೋ ಹೊನ್ನನ್ನೋ ಬೇಡಬಹುದಾಗಿದ್ದ ಒಬ್ಬ ಯೋಧ ನಾಯಿಯನ್ನು ಬೇಡಿದ. ಅದು ಸತ್ತಾಗ, ಯಾರೋ ಒಬ್ಬರು ದಿನವೂ ಉಣ್ಣುವ ಮುಂಚೆ ಅದನ್ನು ನೆನೆಯಲೇಬೇಕು ಎಂದು ಕಟ್ಟು ಮಾಡಿದ. ಸಾವಿರ ವರ್ಷದ ಹಿಂದೆ, ನಮ್ಮದೇ ಮಂಡ್ಯದ ಸೀಮೆಯಲ್ಲಿ, ನಮ್ಮದೇ ಭಾಷೆಯಲ್ಲಿ. 'ಒಂದು ನಾಯಿಗೆ ಇಷ್ಟೊಂದೇ' ಎಂದು ಆ ವಾರ ನನ್ನನ್ನು ಕೇಳಿದವರಿಗೆ ಹೇಳಲು ನನ್ನಲ್ಲಿ ಬೇರೆ ಉತ್ತರವಿರಲಿಲ್ಲ. ಕಚೇರಿಯಲ್ಲಿ ರಜೆ ಚೀಟಿಗೆ ಕಾರಣ ಬರೆಯುವಾಗ 'ಮನೆಯಲ್ಲಿ ಸಾವು' ಎಂದೇ ಬರೆದೆ.

ಡಿಸೆಂಬರ್‌ನಲ್ಲಿ ಗ್ಯಾಸ್ ಸಿಲಿಂಡರಿನ ಹಳೆಯ ಚೀಟಿ ಹುಡುಕುವಾಗ ಹಾಲಿನ ಪುಸ್ತಕ ಕೈಗೆ ಬಂತು. ಪಟ್ಟಿಯಲ್ಲಿ ನನ್ನ ಬರಹ 28ಕ್ಕೆ ನಿಲ್ಲುತ್ತದೆ. ಅದರ ಕೆಳಗೆ ಪೆನ್ಸಿಲಿನಲ್ಲಿ, ಅಮ್ಮನ ದುಂಡನೆಯ, ತಲೆಕಟ್ಟು ಉದ್ದ ಎಳೆದ ಅಕ್ಷರಗಳು. ನಾನು ಕಚೇರಿಯಲ್ಲಿರುವಾಗ ಆ ಇಬ್ಬರೇ ಇರುತ್ತಿದ್ದ ಮಧ್ಯಾಹ್ನಗಳಲ್ಲಿ ಬರೆದದ್ದಿರಬೇಕು. ಎಲೆ ಅಡಿಕೆ. ಬಿಸಿಲು. ಮಂಡಿನೋವು. ಹೂವಿನವನು. ಒಬ್ಬಟ್ಟು. ಇವೆಲ್ಲ ಕೆಂಚಿಗೆ ತಿಳಿಯುತ್ತಿದ್ದವು ಎಂದು ನನಗೆ ಗೊತ್ತೇ ಇರಲಿಲ್ಲ. ಕೊನೆಯ ಪದ 'ಬಂದಳು'.

"ಇದೇನಮ್ಮ?" ಎಂದು ಕೇಳಿದೆ.

"ನಿನ್ನ ಬಸ್ಸು ತಿರುವಿಗೆ ಬಂದ ಸದ್ದು ನನಗೆ ಕೇಳಿಸುತ್ತದಲ್ಲ, ಆಗ ಹೇಳುತ್ತಿದ್ದೆ. ಹೇಳಿದರೆ ಎದ್ದು ಗೇಟಿನ ಹತ್ತಿರ ಹೋಗುತ್ತಿದ್ದಳು" ಎಂದರು ಅಮ್ಮ.

ಹನ್ನೊಂದು ವರ್ಷ ನಾನು ಗೇಟು ತೆಗೆಯುವ ಮುಂಚೆಯೇ ಕೆಂಚಿ ಅಲ್ಲಿರುತ್ತಿದ್ದಳು. ನನ್ನ ಹೆಜ್ಜೆಯನ್ನು ದೂರದಿಂದಲೇ ಗುರುತಿಸುತ್ತಾಳೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ನಿನ್ನೆ ಸಂಜೆ ಬಸ್ಸಿಳಿದು ಬಂದು ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ. ನಡುಮನೆಯ ಕಿಟಕಿ ತೆರೆದಿತ್ತು. ಒಳಗೆ ಅಮ್ಮ ಹೂವು ಕಟ್ಟುತ್ತ, ತಲೆಯೆತ್ತದೆ, ಹೊಸ್ತಿಲ ಕಡೆಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು.

"ಬಂದಳು."